ಸಂಖ್ಯಾಪಾಠಗಳ ನಿರ್ಣಯದಲ್ಲಿ ಭಾಜ್ಯತಾಪರೀಕ್ಷೆ: ಗಣಿತಸಾರಸಂಗ್ರಹದ ಕೆಲವು ನಿದರ್ಶನಗಳು

೧

ಕಾವ್ಯದ ಹಸ್ತಪ್ರತಿಯಲ್ಲಿ ಲಿಪಿಕಾರನು ತಪ್ಪಿದಾಗ ಸಂಪಾದಕನಿಗೆ ಛಂದಸ್ಸು, ವ್ಯಾಕರಣ, ಅರ್ಥಸಂಗತಿ ಎಂಬ ಮೂರು ಸಾಕ್ಷಿಗಳು ನೆರವಿಗೆ ಬರುತ್ತವೆ. ಗಣಿತಗ್ರಂಥದ ಸಂಖ್ಯಾವಾಚಕ ಪದಗಳ ವಿಷಯದಲ್ಲಿ ಈ ಮೂರೂ ಬಹುಮಟ್ಟಿಗೆ ಮೌನವಾಗಿರುತ್ತವೆ. ‘ರತ್ನ’, ‘ರಂಧ್ರ’, ‘ದ್ರವ್ಯ’, ‘ತತ್ತ್ವ’, ‘ಕರ್ಮ’ ಈ ಐದು ಪದಗಳನ್ನು ನೋಡಿರಿ. ಐದೂ ಗುರುವಿನ ಮೇಲೆ ಲಘು. ಒಂದರ ಸ್ಥಾನದಲ್ಲಿ ಮತ್ತೊಂದು ಕುಳಿತರೆ ವೃತ್ತ ಕೆಡುವುದಿಲ್ಲ, ಸಮಾಸ ಕೆಡುವುದಿಲ್ಲ, ಓದುವವನ ಕಿವಿಗೆ ಏನೂ ತೊಡಕಾಗುವುದಿಲ್ಲ. ಆದರೆ ಮೂರು ಒಂಬತ್ತಾಗುತ್ತದೆ, ಆರು ಏಳಾಗುತ್ತದೆ. ಕೆಡುವುದು ಲೆಕ್ಕವೊಂದೇ.

ಹೀಗಿರುವಾಗ ಲೆಕ್ಕವನ್ನೇ ನಾಲ್ಕನೆಯ ಸಾಕ್ಷಿಯನ್ನಾಗಿ ಕರೆಯುವುದು ಸಹಜ. ಆ ಸಾಕ್ಷಿಯನ್ನು ಹೇಗೆ ವಿಚಾರಿಸಬೇಕು, ಅದು ಎಲ್ಲಿಯವರೆಗೆ ನಂಬಿಕೆಗೆ ಅರ್ಹ, ಎಲ್ಲಿ ಅದೂ ಮೌನವಾಗುತ್ತದೆ ಎಂಬುದನ್ನು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಒಂದು ಸಂಖ್ಯೆ ಮತ್ತೊಂದರಿಂದ ನಿಶ್ಶೇಷವಾಗಿ ಭಾಗವಾಗುವುದೋ ಇಲ್ಲವೋ, ಇಲ್ಲವಾದರೆ ಉಳಿಯುವ ಶೇಷವೆಷ್ಟು ಎಂಬುದನ್ನು ಪೂರ್ಣ ಭಾಗಾಕಾರ ಮಾಡದೆಯೇ ತಿಳಿಯುವ ಕ್ರಮಗಳಿಗೆ ಇಲ್ಲಿ ಭಾಜ್ಯತಾಪರೀಕ್ಷೆ ಎಂದು ಹೆಸರಿಟ್ಟುಕೊಳ್ಳಲಾಗಿದೆ.

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ರಚಿತವಾದ ಈ ಗ್ರಂಥವು ೧೯೧೨ರಲ್ಲಿ ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ ಇಂಗ್ಲಿಷ್ ಅನುವಾದದೊಡನೆ ಮದರಾಸಿನಿಂದಲೂ, ೧೯೬೩ರಲ್ಲಿ ಲಕ್ಷ್ಮೀಚಂದ್ರ ಜೈನರ ಹಿಂದೀ ಅನುವಾದದೊಡನೆ ಸೊಲ್ಲಾಪುರದಿಂದಲೂ, ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದದೊಡನೆ ಹೊಂಬುಜದಿಂದಲೂ ಪ್ರಕಟವಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಈ ಮಹನೀಯರ ಪರಿಶ್ರಮದಿಂದ ಗ್ರಂಥ ನಮ್ಮ ಕೈಗೆ ಬಂದಿದೆ. ಇನ್ನು ನಡೆಯಬೇಕಾದುದು ಅದರ ಸಂಖ್ಯಾಪಾಠಗಳ ಪ್ರತ್ಯೇಕ ಪರಿಶೀಲನೆ.

೨

ಶೇಷದಿಂದ ಸಂಖ್ಯೆಯ ಸ್ವಭಾವವನ್ನು ಅರಿಯುವ ಪದ್ಧತಿ ಜೈನ ವಾಙ್ಮಯಕ್ಕೆ ಹೊರಗಿನಿಂದ ಬಂದುದಲ್ಲ. ಆಗಮಸಾಹಿತ್ಯದಲ್ಲಿ ರಾಶಿಗಳನ್ನು ನಾಲ್ಕರಿಂದ ಅಪಹರಿಸಿ, ಉಳಿದ ಶೇಷಕ್ಕನುಗುಣವಾಗಿ ವಿಭಾಗಿಸುವ ಕ್ರಮವಿದೆ. ವ್ಯಾಖ್ಯಾಪ್ರಜ್ಞಪ್ತಿಯಲ್ಲಿ ಈ ವಿಭಾಗ ಕಾಣಬರುತ್ತದೆ. ವೀರಸೇನಾಚಾರ್ಯರ ಧವಲಾ ಟೀಕೆಯಲ್ಲಿಯೂ ಅದು ಇದೆ. ಧವಲೆಯ ಪರಿಭಾಷೆಯಂತೆ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವ ರಾಶಿ ಕೃತಯುಗ್ಮ. ಎರಡು ಉಳಿಯುವುದು ಬಾದರಯುಗ್ಮ. ಮೂರು ಉಳಿಯುವುದು ತೇಜೋಜ. ಒಂದು ಉಳಿಯುವುದು ಕಲಿ-ಓಜ. ಹದಿನಾರು ಕೃತಯುಗ್ಮ, ಹದಿನಾಲ್ಕು ಬಾದರಯುಗ್ಮ, ಹದಿನೈದು ತೇಜೋಜ, ಹದಿಮೂರು ಕಲಿ-ಓಜ. ಸಮ-ವಿಷಮವೆಂಬ ಸಾಮಾನ್ಯ ಭೇದಕ್ಕಿಂತ ಇದು ಒಂದು ಹೆಜ್ಜೆ ಮುಂದಿನದು. ಧವಲೆಯ ‘ಅರ್ಧಚ್ಛೇದ’ವೂ, ಅಂದರೆ ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಎಣಿಕೆಯೂ, ಇದೇ ದೃಷ್ಟಿಯ ಫಲ. ಮೂವತ್ತೆರಡರ ಅರ್ಧಚ್ಛೇದ ಐದು.

ದೊಡ್ಡ ರಾಶಿಯೊಂದು ಕೃತಯುಗ್ಮವೇ ಎಂದು ತಿಳಿಯಲು ಅದರ ಕಡೆಯ ಎರಡು ಅಂಕಗಳನ್ನು ನೋಡಿದರೆ ಸಾಕು. ನೂರು ನಾಲ್ಕರ ಅಪವರ್ತ್ಯವಾದುದರಿಂದ ಶತಸ್ಥಾನ ಮತ್ತು ಅದರಿಂದ ಮೇಲಿನ ಸ್ಥಾನಗಳು ಶೇಷಕ್ಕೆ ಏನನ್ನೂ ಸೇರಿಸುವುದಿಲ್ಲ. ಭಾಜ್ಯತೆಯ ಎಲ್ಲ ನಿಯಮಗಳ ತಿರುಳೂ ಇಷ್ಟೇ: ಹತ್ತು, ನೂರು, ಸಾವಿರ ಮುಂತಾದ ಸ್ಥಾನಮೌಲ್ಯಗಳು ಆಯಾ ಭಾಜಕದಿಂದ ಏನನ್ನು ಉಳಿಸುತ್ತವೆ ಎಂಬುದನ್ನು ಕಂಡುಕೊಂಡರೆ ಉಳಿದುದು ತಾನಾಗಿ ತಿಳಿಯುತ್ತದೆ.

ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ನೂರಕ್ಕೂ ಸಾವಿರಕ್ಕೂ ಒಂದೇ. ಆದುದರಿಂದ ಅಂಕಗಳ ಮೊತ್ತದ ಶೇಷವೇ ಸಂಖ್ಯೆಯ ಶೇಷ. ಹನ್ನೊಂದರ ವಿಷಯದಲ್ಲಿ ಹತ್ತು ‘ಒಂದು ಕಡಿಮೆ’ಯಾಗಿ ನಿಲ್ಲುತ್ತದೆ, ಆದುದರಿಂದ ಬಲಗಡೆಯಿಂದ ಅಂಕಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸುತ್ತ, ಕಳೆಯುತ್ತ ಹೋಗಬೇಕು. ಸಾವಿರದ ಒಂದರ ವಿಷಯದಲ್ಲಿ ಸಾವಿರವು ಹಾಗೆಯೇ ‘ಒಂದು ಕಡಿಮೆ’. ಅಲ್ಲಿ ಮೂರು ಮೂರು ಅಂಕಗಳ ಗುಂಪುಗಳನ್ನು ಅದೇ ಕ್ರಮದಲ್ಲಿ ಕೂಡಿಸಿ ಕಳೆಯಬೇಕು. ೧೦೦೧ ಎಂಬುದು ೭, ೧೧, ೧೩ ಇವುಗಳ ಗುಣಲಬ್ಧವಾದುದರಿಂದ ಈ ಒಂದೇ ಪರೀಕ್ಷೆಯಲ್ಲಿ ಆ ಮೂರರ ಪರೀಕ್ಷೆಗಳೂ ಅಡಗಿವೆ.

ಗುಣಾಕಾರವನ್ನು ಒಂಬತ್ತರ ಶೇಷದಿಂದ ಪರೀಕ್ಷಿಸುವ ವಿಧಿಯನ್ನು ಎರಡನೆಯ ಆರ್ಯಭಟನ ‘ಮಹಾಸಿದ್ಧಾಂತ’ ಹೇಳುತ್ತದೆ. ೧೩೫೬ರ ‘ಗಣಿತಕೌಮುದಿ’ಯಲ್ಲಿ ನಾರಾಯಣ ಪಂಡಿತನು ಅದನ್ನು ಯಾವ ಭಾಜಕಕ್ಕಾದರೂ ಸಲ್ಲುವಂತೆ ವಿಸ್ತರಿಸುತ್ತಾನೆ. ಹೀಗೆ ನಾವು ಇಲ್ಲಿ ಬಳಸುವ ಸಲಕರಣೆಗಳು ಭಾರತೀಯ ಗಣಿತಪರಂಪರೆಗೆ ಪರಿಚಿತವಾದವೇ. ಅವುಗಳನ್ನು ಪಾಠನಿರ್ಣಯಕ್ಕೆ ತಿರುಗಿಸುವುದಷ್ಟೇ ನಮ್ಮ ಕೆಲಸ.

೩

ಗಣಿತಸಾರಸಂಗ್ರಹದ ಪ್ರತ್ಯುತ್ಪನ್ನ ಪ್ರಕರಣದಲ್ಲಿ, ಅಂದರೆ ಗುಣಾಕಾರದ ಭಾಗದಲ್ಲಿ, ಗುಣಲಬ್ಧವು ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಕಾಣುವ ಉದಾಹರಣೆಗಳಿವೆ. ಇವುಗಳನ್ನು ರಾಜನ ಕಂಠಾಭರಣವೆಂದು ಆಚಾರ್ಯರು ಬಣ್ಣಿಸುತ್ತಾರೆ. ಅವುಗಳಲ್ಲಿ ಕೆಲವು:

೧೩೯ × ೧೦೯ = ೧೫೧೫೧
೧೫೨೨೦೭ × ೭೩ = ೧೧೧೧೧೧೧೧
೧೨೩೪೫೬೭೯ × ೯ = ೧೧೧೧೧೧೧೧೧
೧೪೨೮೭೧೪೩ × ೭ = ೧೦೦೦೧೦೦೦೧
೨೭೯೯೪೬೮೧ × ೪೪೧ = ೧೨೩೪೫೬೫೪೩೨೧

ಇವುಗಳನ್ನು ಬಾಲಕರ ವಿನೋದವೆಂದು ಕಂಡು ಮುಂದೆ ಸಾಗುವುದು ರೂಢಿಯಾಗಿದೆ. ಈ ರೂಢಿಯನ್ನು ಒಪ್ಪುವುದು ಕಷ್ಟ. ಕಡೆಯ ಉದಾಹರಣೆಯನ್ನೇ ಬಿಡಿಸಿ ನೋಡೋಣ. ೧೨೩೪೫೬೫೪೩೨೧ ಎಂಬುದು ೧೧೧೧೧೧ರ ವರ್ಗ. ೧೧೧೧೧೧ ಎಂದರೆ ೧೧೧ ಮತ್ತು ೧೦೦೧ರ ಗುಣಲಬ್ಧ. ಅದರ ಅವಿಭಾಜ್ಯ ಅಪವರ್ತನಗಳು ೩, ೭, ೧೧, ೧೩, ೩೭. ಇವುಗಳಲ್ಲಿ ೩ ಮತ್ತು ೭ನ್ನು ಬೇರ್ಪಡಿಸಿದರೆ ೨೧. ಅದರ ವರ್ಗ ೪೪೧. ಉಳಿದ ೧೧, ೧೩, ೩೭ರ ಗುಣಲಬ್ಧ ೫೨೯೧. ಅದರ ವರ್ಗವೇ ೨೭೯೯೪೬೮೧. ಗುಣ್ಯ, ಗುಣಕ ಎರಡೂ ಪೂರ್ಣವರ್ಗಗಳಾಗಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಹಾರವನ್ನು ಮೊದಲು ಕಲ್ಪಿಸಿ, ಅದರ ಭಾಜಕಗಳನ್ನು ಹುಡುಕಿ, ಎರಡು ಪಾಲಾಗಿ ಹಂಚಿ, ಬಳಿಕ ಪ್ರಶ್ನೆಯನ್ನು ರಚಿಸಿದ ಕೈಯ ಗುರುತು ಇಲ್ಲಿದೆ. ೧೫೨೨೦೭ರ ವಿಷಯವೂ ಹೀಗೆಯೇ: ಎಂಟು ಒಂದುಗಳ ಸಂಖ್ಯೆಯ ಅಪವರ್ತನಗಳು ೧೧, ೭೩, ೧೦೧, ೧೩೭, ಅವುಗಳಲ್ಲಿ ೭೩ನ್ನು ಗುಣಕವಾಗಿ ತೆಗೆದಿಟ್ಟರೆ ಉಳಿದ ಮೂರರ ಗುಣಲಬ್ಧ ೧೫೨೨೦೭.

ಪಾಠವಿಮರ್ಶೆಯ ದೃಷ್ಟಿಯಿಂದ ಈ ಕಂಠಾಭರಣಗಳಿಗೆ ಮತ್ತೊಂದು ಗುಣವಿದೆ. ಸಂಖ್ಯಾಪದಗಳನ್ನು ಏಕಸ್ಥಾನದಿಂದ ಆರಂಭಿಸಿ ಎಡಕ್ಕೆ ಇಡುತ್ತ ಹೋಗಬೇಕೆಂಬುದು ಸಂಪ್ರದಾಯ. ಓದುಗನು ದಿಕ್ಕು ತಪ್ಪಿದರೆ ಸಂಖ್ಯೆಯೇ ತಿರುಗಿಬಿಡುತ್ತದೆ. ಹಾರದ ಸಂಖ್ಯೆಗೆ ಈ ಭಯವಿಲ್ಲ. ಎತ್ತಣಿಂದ ಓದಿದರೂ ಅದು ಅದೇ. ಅಲ್ಲದೆ ಗುಣ್ಯದಲ್ಲಿ ಒಂದು ಅಂಕ ತಪ್ಪಿದರೂ ಸಾಮಾನ್ಯವಾಗಿ ಹಾರ ಹರಿದು, ವಿದ್ಯಾರ್ಥಿಗೆ ತಪ್ಪು ಒಡನೆ ಗೋಚರಿಸುತ್ತದೆ. ಉತ್ತರವೇ ಪ್ರಶ್ನೆಯ ಕಾವಲಾಗಿ ನಿಂತಿದೆ. ಆಚಾರ್ಯರು ಇದೇ ಉದ್ದೇಶದಿಂದ ಇವುಗಳನ್ನು ರಚಿಸಿದರೆಂದು ಸಾಧಿಸುವುದು ನಮ್ಮ ಹಠವಲ್ಲ. ಪರಿಣಾಮ ಮಾತ್ರ ನಿಸ್ಸಂದೇಹ.

೪

ಇನ್ನು ಪರೀಕ್ಷೆಗಳ ಬಲಾಬಲವನ್ನು ವಿಚಾರಿಸೋಣ. ಮುಂದಿನ ತಪ್ಪುಗಳು ಕಲ್ಪಿತವಾದವು. ಯಾವ ಪ್ರತಿಯ ಮೇಲೂ ಹೊರಿಸಿದವಲ್ಲ.

ಮೊದಲನೆಯದು, ಅಂಕಗಳು ಸ್ಥಾನ ಬದಲಿಸುವ ತಪ್ಪು. ೧೫೨೨೦೭ ಎಂಬುದು ೧೫೨೨೭೦ ಎಂದಾಯಿತೆನ್ನೋಣ. ಅಂಕಗಳ ಮೊತ್ತ ಎರಡರಲ್ಲಿಯೂ ೧೭. ಒಂಬತ್ತರ ಪರೀಕ್ಷೆಗೆ ಇದು ಕಾಣುವುದೇ ಇಲ್ಲ. ಹನ್ನೊಂದರ ಪರೀಕ್ಷೆಯಲ್ಲಿ ೧೫೨೨೦೭ಕ್ಕೆ ಶೇಷವಿಲ್ಲ, ೧೫೨೨೭೦ಕ್ಕೆ ೮ ಶೇಷ. ಹಾರವಾದರೋ ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುವಂಥದು. ತಪ್ಪು ಸಿಕ್ಕಿತು. ಆದರೆ ಇಡೀ ಸಂಖ್ಯೆಯನ್ನು ತಿರುವಿ ೭೦೨೨೫೧ ಎಂದು ಓದಿದರೆ ಹನ್ನೊಂದೂ ಸುಮ್ಮನಿರುತ್ತದೆ. ಆ ಸಂಖ್ಯೆಯೂ ಹನ್ನೊಂದರ ಅಪವರ್ತ್ಯವೇ.

ಎರಡನೆಯದು, ಅಂಕದ ರೂಪಸಾದೃಶ್ಯದಿಂದಾಗುವ ತಪ್ಪು. ಟೀಕೆಯಲ್ಲಿ ಅಂಕಿಗಳನ್ನೇ ಬರೆದಿರುವಲ್ಲಿ ಕನ್ನಡದ ೬ ಮತ್ತು ೯ ಒಂದನ್ನೊಂದು ಹೋಲುವುದು ಓಲೆಗರಿಗಳನ್ನು ಓದಿದವರಿಗೆಲ್ಲ ಗೊತ್ತು. ಇವೆರಡರ ಅಂತರ ಮೂರು. ಗುಣಕವು ಮೂರರ ಅಪವರ್ತ್ಯವಲ್ಲದಿದ್ದರೆ ಒಂಬತ್ತರ ಪರೀಕ್ಷೆ ಇದನ್ನು ತಪ್ಪದೆ ಹಿಡಿಯುತ್ತದೆ. ೦ ಮತ್ತು ೯ ಅದಲುಬದಲಾದರೆ ಮಾತ್ರ ಅದಕ್ಕೆ ತಿಳಿಯದು. ಇದು ಬರಿಯ ಊಹೆಯ ಮಾತಲ್ಲ. ‘ರಂಧ್ರ’ ಶಬ್ದಕ್ಕೆ ಒಂಬತ್ತು ಎಂಬ ಅರ್ಥವೂ ಉಂಟು, ಶೂನ್ಯವೆಂಬ ಅರ್ಥವೂ ಉಂಟು. ಈ ಶಬ್ದದ ಅರ್ಥನಿರ್ಣಯವನ್ನು ಒಂಬತ್ತರ ಪರೀಕ್ಷೆಗೆ ಒಪ್ಪಿಸುವುದು ವ್ಯರ್ಥ.

ಮೂರನೆಯದು ಜೈನ ವಿದ್ವಾಂಸರ ವಿಶೇಷ ಗಮನಕ್ಕೆ ಅರ್ಹವಾದುದು. ಮಹಾವೀರಾಚಾರ್ಯರ ಸಂಖ್ಯಾಪದಗಳು ಜಿನಾಗಮದ ಪರಿಭಾಷೆಯನ್ನು ಅನುಸರಿಸುತ್ತವೆ. ಅಲ್ಲಿ ‘ರತ್ನ’ ಎಂದರೆ ರತ್ನತ್ರಯದ ಮೂರು, ‘ತತ್ತ್ವ’ ಎಂದರೆ ಏಳು, ‘ಕಷಾಯ’ ಎಂದರೆ ನಾಲ್ಕು. ಸಾಮಾನ್ಯ ಕೋಶಗಳನ್ನು ಹಿಡಿದು ಹೊರಟವನು ರತ್ನಕ್ಕೆ ಒಂಬತ್ತೆಂದೂ ತತ್ತ್ವಕ್ಕೆ ಸಾಂಖ್ಯರ ಇಪ್ಪತ್ತೈದೆಂದೂ ಅರ್ಥ ಮಾಡಬಹುದು. ಅಷ್ಟಕ್ಕೇ ನಿಲ್ಲದೆ ಲೆಕ್ಕ ಕೂಡಲಿಲ್ಲವೆಂದು ಮೂಲವನ್ನೇ ತಿದ್ದಲೂಬಹುದು. ೭೩ ಎಂಬ ಗುಣಕವನ್ನು ‘ರತ್ನ-ತತ್ತ್ವ’ ಎಂಬ ಪದಗಳಿಂದ ಹೇಳಿದೆಯೆಂದು ಕಲ್ಪಿಸಿಕೊಳ್ಳೋಣ. ರತ್ನವನ್ನು ಒಂಬತ್ತೆಂದರೆ ಅದು ೭೯ ಆಗುತ್ತದೆ. ಗುಣ್ಯದ ಶೇಷ ೮, ಗುಣಕದ ಶೇಷ ೭; ಅವುಗಳ ಗುಣಲಬ್ಧ ೫೬ರ ಶೇಷ ೨. ಹಾರದ ಶೇಷ ೮ ಆದುದರಿಂದ ಆ ಅರ್ಥ ಬಿದ್ದುಹೋಯಿತು. ತತ್ತ್ವವನ್ನು ಇಪ್ಪತ್ತೈದೆಂದರೆ ಗುಣಕ ೨೫೩ ಆಗುತ್ತದೆ. ಅದರ ಅಂಕಗಳ ಮೊತ್ತ ೧೦, ಶೇಷ ೧. ೭೩ರ ಶೇಷವೂ ೧. ಒಂಬತ್ತರ ಪರೀಕ್ಷೆ ಈ ತಪ್ಪರ್ಥವನ್ನು ನಿರಾತಂಕವಾಗಿ ಒಪ್ಪಿಬಿಡುತ್ತದೆ. ಇದು ಈ ಒಂದು ಉದಾಹರಣೆಯ ದೋಷವಲ್ಲ. ಇಪ್ಪತ್ತೈದನ್ನು ಒಂಬತ್ತರಿಂದ ಭಾಗಿಸಿದರೆ ಉಳಿಯುವುದು ಏಳೇ. ಆದುದರಿಂದ ಜೈನರ ಏಳು ತತ್ತ್ವಗಳಿಗೂ ಸಾಂಖ್ಯರ ಇಪ್ಪತ್ತೈದು ತತ್ತ್ವಗಳಿಗೂ ಒಂಬತ್ತು ಎಂದಿಗೂ ಭೇದವೆಣಿಸಲಾರದು. ಹನ್ನೊಂದೂ ಇಲ್ಲಿ ನೆರವಾಗದು; ಗುಣ್ಯವೇ ಹನ್ನೊಂದರ ಅಪವರ್ತ್ಯವಾಗಿರುವುದರಿಂದ ಗುಣಕ ಏನಾದರೂ ಶೇಷ ಶೂನ್ಯವೇ.

ಸಾವಿರದ ಒಂದರ ಪರೀಕ್ಷೆ ಇಲ್ಲಿ ಉಪಯುಕ್ತ. ೧೫೨೨೦೭ರಲ್ಲಿ ೨೦೭ರಿಂದ ೧೫೨ನ್ನು ಕಳೆದರೆ ೫೫. ಅದನ್ನು ೭೩ರಿಂದ ಗುಣಿಸಿದರೆ ೪೦೧೫. ಮತ್ತೆ ೧೫ರಿಂದ ೪ನ್ನು ಕಳೆದರೆ ೧೧. ಹಾರದ ಗುಂಪುಗಳು ೧೧೧, ೧೧೧, ೧೧. ಕಳೆದು ಕೂಡಿಸಿದರೆ ೧೧. ಎರಡೂ ಕೂಡಿದುವು. ೭೩ರ ಬದಲು ೨೫೩ ಇಟ್ಟರೆ ೧೩೯೧೫. ೯೧೫ರಿಂದ ೧೩ ಕಳೆದರೆ ೯೦೨. ಹಾರ ಇದನ್ನು ಒಪ್ಪುವುದಿಲ್ಲ. ತಿರುವಿ ಓದಿದ ೭೦೨೨೫೧ ಸಹ ಇದೇ ಪರೀಕ್ಷೆಯಲ್ಲಿ ೧೧೦ನ್ನು ಕೊಟ್ಟು ಸಿಕ್ಕಿಬೀಳುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ವಂಚಕವಾದುದು. ೧೨೩೪೫೬೭೯ ಎಂಬ ಗುಣ್ಯದಲ್ಲಿ ಎಂಟು ಇಲ್ಲ. ಅಂಕಿಗಳಲ್ಲಿ ಬರೆಯುವ ಲಿಪಿಕಾರನ ಕೈ ಏಳಾದ ಮೇಲೆ ತಾನಾಗಿ ಎಂಟನ್ನು ಬರೆಯಲು ಹೋಗುತ್ತದೆ. ೧೨೩೪೫೬೭೮೯ ಎಂದಾದರೆ? ಗುಣಕವೇ ಒಂಬತ್ತಾದುದರಿಂದ ಒಂಬತ್ತರ ಪರೀಕ್ಷೆಗೆ ಗುಣ್ಯದ ಯಾವ ತಪ್ಪೂ ಕಾಣಿಸದು. ಹನ್ನೊಂದರಲ್ಲಿ ಎರಡು ಸಂಖ್ಯೆಗಳೂ ೫ನ್ನೇ ಉಳಿಸುತ್ತವೆ. ಅಲ್ಲಿಯೂ ತಪ್ಪು ಅಡಗಿಕೊಳ್ಳುತ್ತದೆ. ಸಾವಿರದ ಒಂದರಲ್ಲಿ ಸರಿಯಾದ ಗುಣ್ಯದ ಶೇಷ ೩೪೬. ಒಂಬತ್ತರಿಂದ ಗುಣಿಸಿ ಇಳಿಸಿದರೆ ೧೧೧. ಹಾರದ ಶೇಷವೂ ೧೧೧. ತಪ್ಪು ಗುಣ್ಯದ ಶೇಷ ೪೫೬; ಗುಣಿಸಿ ಇಳಿಸಿದರೆ ೧೦೦. ಹೀಗೆ ಎರಡು ಪರೀಕ್ಷೆಗಳು ಒಮ್ಮತದಿಂದ ಒಪ್ಪಿದ ಪಾಠವೂ ಅಶುದ್ಧವಾಗಿರಬಹುದೆಂಬುದನ್ನು ಮರೆಯುವಂತಿಲ್ಲ.

ನೇರವಾಗಿ ಗುಣಿಸಿಯೇ ನೋಡಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಚಿಕ್ಕ ಉದಾಹರಣೆಗಳಲ್ಲಿ ಹಾಗೆಯೇ ಮಾಡತಕ್ಕದ್ದು. ಅದೇ ಕಡೆಯ ನ್ಯಾಯ. ಆದರೆ ಗುಣಾಕಾರ ‘ತಪ್ಪಿದೆ’ ಎಂದಷ್ಟೇ ಹೇಳುತ್ತದೆ. ಹತ್ತಾರು ಪ್ರತಿಗಳ ಪಾಠಾಂತರಗಳು ಮುಂದಿರುವಾಗ ಯಾವುದು ಯಾವುದರೊಡನೆ ಕೂಡುತ್ತದೆಂಬುದನ್ನು ಶೇಷಗಳು ಶೀಘ್ರವಾಗಿ ತೋರಿಸುತ್ತವೆ. ತಪ್ಪಿನ ಜಾತಿಯನ್ನೂ ಸೂಚಿಸುತ್ತವೆ. ಒಂಬತ್ತು ಒಪ್ಪಿ ಹನ್ನೊಂದು ಒಪ್ಪದಿದ್ದರೆ ಸ್ಥಾನಪಲ್ಲಟವನ್ನು ಮೊದಲು ಶಂಕಿಸಬೇಕು.

೫

ಅಪವರ್ತ್ಯಗಳ ಮತ್ತೊಂದು ಪ್ರಯೋಜನ ಕಲಾಸವರ್ಣ ವ್ಯವಹಾರದಲ್ಲಿ ಕಾಣುತ್ತದೆ. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳನ್ನೆಲ್ಲ ಒಂದರೊಡನೊಂದು ಗುಣಿಸುವುದು ಸಾಮಾನ್ಯ ಮಾರ್ಗ. ಮಹಾವೀರಾಚಾರ್ಯರು ‘ನಿರುದ್ಧ’ವೆಂಬ ಸಂಜ್ಞೆಯಿಂದ ಲಘುತಮ ಸಾಮಾನ್ಯ ಅಪವರ್ತ್ಯವನ್ನು ವಿಧಿಸುತ್ತಾರೆ. ಛೇದಗಳಿಗೆ ಸಮಾನವಾದ ಅಪವರ್ತನಗಳನ್ನು ತೆಗೆದು, ಅವುಗಳನ್ನೂ ಕಡೆಗೆ ಉಳಿದ ಲಬ್ಧಗಳನ್ನೂ ಗುಣಿಸಿದರೆ ನಿರುದ್ಧ ದೊರೆಯುತ್ತದೆ. ಛೇದಗಳು ೧೨, ೧೮, ೩೦ ಆಗಿದ್ದರೆ ಸಮಾನ ಅಪವರ್ತನ ೬, ಉಳಿದುವು ೨, ೩, ೫, ನಿರುದ್ಧ ೧೮೦. ಬರಿಯ ಗುಣಾಕಾರದಿಂದ ಬರುವುದು ೬೪೮೦. ಭಾರತೀಯ ಗಣಿತದಲ್ಲಿ ಭಿನ್ನಗಳ ಸಂಕಲನಕ್ಕೆ ಈ ವಿಧಾನವನ್ನು ಸ್ಪಷ್ಟವಾಗಿ ಹೇಳಿದ ಕೀರ್ತಿ ಈ ಗ್ರಂಥಕ್ಕೆ ಸಲ್ಲುತ್ತದೆ.

ಸಂಪಾದಕನಿಗೆ ಇದರಿಂದ ಒಂದು ಒರೆಗಲ್ಲು ದೊರೆಯುತ್ತದೆ. ಟೀಕೆಯಲ್ಲಿ ನಿರುದ್ಧವೆಂದು ಬರೆದ ಸಂಖ್ಯೆ ಪ್ರತಿಯೊಂದು ಛೇದದಿಂದಲೂ ನಿಶ್ಶೇಷವಾಗಿ ಭಾಗವಾಗಲೇಬೇಕು. ೧೮೦ರ ಬದಲು ೧೭೦ ಎಂದಿದ್ದರೆ ಅಂಕಗಳ ಮೊತ್ತ ೮; ಮೂರರಿಂದಲೇ ಅದು ಭಾಗವಾಗದು, ಇನ್ನು ೧೨, ೧೮, ೩೦ರ ಮಾತೆಲ್ಲಿ? ೩೬೦ ಎಂದಿದ್ದರೆ ಅದು ಎಲ್ಲ ಛೇದಗಳಿಗೂ ಅಪವರ್ತ್ಯ, ಆದರೆ ಲಘುತಮವಲ್ಲ. ಅಲ್ಲಿ ಶಂಕಿಸಬೇಕಾದುದು ಲಿಪಿಕಾರನನ್ನಲ್ಲ, ಸೂತ್ರವನ್ನು ಅರಿಯದ ಟೀಕಾಕಾರನನ್ನು. ಈ ಎರಡು ದೋಷಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಪ್ರತಿಗಳ ಪರಂಪರೆಯನ್ನು ನಿಶ್ಚಯಿಸುವಲ್ಲಿ ಬಹಳ ಉಪಕಾರಿ.

ಮಿಶ್ರಕ ವ್ಯವಹಾರದ ಕುಟ್ಟೀಕಾರ ಪ್ರಕರಣವಾದರೋ ನಮ್ಮ ಸಾಕ್ಷಿಯ ಮಿತಿಯನ್ನು ತೋರಿಸುತ್ತದೆ. ಸಮನಾದ ೬೩ ಬಾಳೆಹಣ್ಣಿನ ರಾಶಿಗಳು, ಜೊತೆಗೆ ಬಿಡಿಯಾದ ೭ ಹಣ್ಣುಗಳು. ಇವು ೨೩ ಮಂದಿ ಪಥಿಕರಿಗೆ ಸಮನಾಗಿ ಹಂಚಿಹೋದುವು. ರಾಶಿಯೊಂದರಲ್ಲಿ ಎಷ್ಟು ಹಣ್ಣುಗಳಿದ್ದುವು ಎಂಬ ಪ್ರಶ್ನೆ ಪ್ರಸಿದ್ಧವಾದುದು. ಕನಿಷ್ಠ ಉತ್ತರ ಐದು: ೩೧೫ಕ್ಕೆ ೭ ಸೇರಿದರೆ ೩೨೨, ಅದು ೨೩ರ ಹದಿನಾಲ್ಕು ಮಡಿ. ಇಲ್ಲಿ ೨೩ರ ಸ್ಥಾನದಲ್ಲಿ ೨೧ ಎಂಬ ಪಾಠವಿದ್ದರೆ ಅದನ್ನು ತಳ್ಳಿಹಾಕಲು ಕ್ಷಣವೂ ಬೇಡ. ೬೩ ಇಪ್ಪತ್ತೊಂದರ ಅಪವರ್ತ್ಯ, ೭ ಅಲ್ಲ. ಆದುದರಿಂದ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಆದರೆ ೨೨ ಎಂಬ ಪಾಠವಿದ್ದರೆ? ೬೩ಕ್ಕೂ ೨೨ಕ್ಕೂ ಸಮಾನ ಅಪವರ್ತನವಿಲ್ಲ. ಬಿಡಿಹಣ್ಣುಗಳು ಎಷ್ಟೇ ಇದ್ದರೂ ಉತ್ತರ ಒಂದಲ್ಲ ಒಂದು ಇದ್ದೇ ಇರುತ್ತದೆ. ಉತ್ತರವನ್ನು ಹೇಳುವ ಟೀಕೆ ಇಲ್ಲದಿದ್ದಲ್ಲಿ ಗಣಿತವು ೨೨, ೨೩ ಎರಡನ್ನೂ ಸಮಾನವಾಗಿ ಒಪ್ಪುತ್ತದೆ. ಆಗ ನಿರ್ಣಯವನ್ನು ಪ್ರತಿಗಳ ಪ್ರಾಮಾಣ್ಯಕ್ಕೆ ಬಿಡಬೇಕಲ್ಲದೆ ‘ಲೆಕ್ಕ ಕೂಡುತ್ತದೆ’ ಎಂಬ ಕಾರಣದಿಂದ ಒಂದನ್ನು ಎತ್ತಿಹಿಡಿಯುವುದು ಯುಕ್ತವಲ್ಲ.

೬

ಗಣಿತಜ್ಞನಾದ ಸಂಪಾದಕನಿಗೆ ಒಂದು ಪ್ರಲೋಭನವುಂಟು: ಲೆಕ್ಕ ತಪ್ಪಿದಲ್ಲೆಲ್ಲ ಮೂಲವನ್ನು ತಿದ್ದಿ, ಶುದ್ಧವಾದ ಗಣಿತವನ್ನು ಮುದ್ರಿಸುವುದು. ಇದು ಗ್ರಂಥಸಂಪಾದನೆಗೆ ಒಪ್ಪದು. ಗ್ರಂಥಕಾರನ ಮತ ಬೇರೆ, ಲಿಪಿಕಾರನ ಪ್ರಮಾದ ಬೇರೆ. ಆಯತವೃತ್ತದ ಕ್ಷೇತ್ರಫಲಕ್ಕೆ ಮಹಾವೀರಾಚಾರ್ಯರು ಹೇಳುವ ಸೂತ್ರ ಇಂದಿನ ಗಣಿತಕ್ಕೆ ಸರಿಹೊಂದುವುದಿಲ್ಲ. ಆದರೂ ಅದು ಅವರ ಸೂತ್ರ, ಅದನ್ನು ತಿದ್ದುವ ಅಧಿಕಾರ ನಮಗಿಲ್ಲ. ಹಾಗೆಂದು ಲಿಪಿಕಾರನ ತಪ್ಪನ್ನು ಆಚಾರ್ಯರ ತಲೆಗೆ ಕಟ್ಟುವುದೂ ಅನ್ಯಾಯವೇ. ಜಿನಪರಿಭಾಷೆಯನ್ನು ಅರಿಯದೆ ಮಾಡಿದ ಅರ್ಥವನ್ನು ಆಧರಿಸಿ ‘ಗ್ರಂಥಕಾರನ ಲೆಕ್ಕ ತಪ್ಪಿದೆ’ ಎಂದು ಟಿಪ್ಪಣಿ ಬರೆಯುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಈ ವಿಚಾರದಿಂದ ಫಲಿತವಾಗುವ ಅಂಶಗಳು ಇವು. ಒಂದು: ಸಂಖ್ಯಾಪಾಠವಿರುವಲ್ಲೆಲ್ಲ ಪದರೂಪವನ್ನೂ ಅದರಿಂದ ಹೊರಡುವ ಅಂಕರೂಪವನ್ನೂ ಬೇರೆಬೇರೆಯಾಗಿ ನಮೂದಿಸಬೇಕು, ಟೀಕೆಯ ಅಂಕಗಳನ್ನು ಮೂಲದ ಪದಗಳಿಗೆ ಪ್ರತ್ಯೇಕ ಸಾಕ್ಷಿಯೆಂದೇ ಎಣಿಸಬೇಕು. ಎರಡು: ಅಡಿಟಿಪ್ಪಣಿಯಲ್ಲಿ ಒಂಬತ್ತು, ಹನ್ನೊಂದು, ಸಾವಿರದ ಒಂದು ಈ ಮೂರರ ಶೇಷಗಳನ್ನು ಕೊಟ್ಟರೆ ಮುಂದಿನ ಸಂಶೋಧಕನಿಗೆ ದಾರಿ ತೆರೆಯುತ್ತದೆ. ಮೂರು: ಪರೀಕ್ಷೆಯಲ್ಲಿ ಕೂಡದ ಪಾಠ ಅಶುದ್ಧವೆಂಬುದು ನಿಶ್ಚಯ, ಕೂಡಿದ ಪಾಠ ಶುದ್ಧವೆಂಬುದು ಸಂಭಾವ್ಯ ಮಾತ್ರ. ನಾಲ್ಕು: ತಿದ್ದುವ ಮೊದಲು ಪದದ ಆಗಮಾರ್ಥವನ್ನು ಇಟ್ಟು ಲೆಕ್ಕ ಮಾಡಿ ನೋಡತಕ್ಕದ್ದು.

ಇಂದು ಓಲೆಗರಿಗಳ ಛಾಯಾಪ್ರತಿಗಳು ಗಣಕಯಂತ್ರಗಳನ್ನು ಸೇರುತ್ತಿವೆ. ಶೇಷಗಳನ್ನು ಯಂತ್ರ ನಿಮಿಷಮಾತ್ರದಲ್ಲಿ ಎಣಿಸಿಕೊಡುತ್ತದೆ. ಆದರೆ ‘ತತ್ತ್ವ’ ಎಂಬಲ್ಲಿ ಏಳನ್ನು ಇಡಬೇಕೋ ಇಪ್ಪತ್ತೈದನ್ನೋ ಎಂದು ಯಂತ್ರಕ್ಕೆ ಹೇಳಬೇಕಾದವರು ಶಾಸ್ತ್ರವನ್ನು ಬಲ್ಲ ಪಂಡಿತರೇ. ಅವರು ಗಣಿತಕ್ಕೆ ಹೆದರಿ ಈ ಗ್ರಂಥಗಳನ್ನು ಗಣಿತಜ್ಞರಿಗೆ ಬಿಟ್ಟುಕೊಟ್ಟರೆ, ಗಣಿತಜ್ಞರು ಶಾಸ್ತ್ರಕ್ಕೆ ಹೆದರಿ ಪದಗಳನ್ನು ಕೋಶಗಳಿಗೆ ಬಿಟ್ಟುಕೊಟ್ಟರೆ, ನಷ್ಟವಾಗುವುದು ಮೂಲಪಾಠಕ್ಕೆ. ಒಂಬತ್ತರ ಮೊತ್ತ, ಹನ್ನೊಂದರ ಏರಿಳಿತ, ಸಾವಿರದ ಒಂದರ ಗುಂಪುಗಳು ಇವು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಸಾಧನಗಳು. ಹಸ್ತಪ್ರತಿಗಳ ಕಾರ್ಯದಲ್ಲಿ ನಿರತರಾದ ವಿದ್ವಾಂಸರು ಇವುಗಳನ್ನು ತಮ್ಮ ಬಳಿಯಲ್ಲಿರುವ ಗಣಿತಪ್ರತಿಗಳ ಮೇಲೆ ಪ್ರಯೋಗಿಸಿ, ಕಂಡ ಪಾಠಾಂತರಗಳನ್ನು ಪ್ರಕಟಿಸಬೇಕಾಗಿ ಪ್ರಾರ್ಥನೆ.